ನಾನು ಕೂರಿಸಿದ ಗ್ರಿಲ್, ನೀವು ಕೊಳ್ಳುವ ಏಣಿ

(ಅಗ್ನಿಶಾಮಕ ಸೇವಾ ಸಪ್ತಾಹದ ಒಂದು ಸಂಜೆ ಚಿಕ್ಕಮಗಳೂರಿನಲ್ಲಿ ಹೋಂಸ್ಟೇ ಮತ್ತು ಪಿ.ಜಿ. ನಡೆಸುವವರ ಮುಂದೆ ಆಡಿದ ಮಾತುಗಳ ಬರಹ ರೂಪ. ಆಡುವಾಗ ಅತ್ತಿತ್ತ ಹೋದದ್ದನ್ನು ಸ್ವಲ್ಪ ತಿದ್ದಿದ್ದೇನೆ, ಪೂರ್ತಿ ತಿದ್ದಿಲ್ಲ.)

ನನಗಿಂತ ಮೊದಲು ಮಾತನಾಡಿದ ಮೂವರೂ ಬೆಂಕಿ ಬಿದ್ದಾಗ ಬಾವಿ ತೋಡುವ ಗಾದೆಯನ್ನು ಹೇಳಿ ಮುಗಿಸಿದ್ದಾರೆ. ನನಗೆ ಆ ಖರ್ಚು ಉಳಿಯಿತು. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹಡಗು ಸಿಡಿದು 66 ಅಗ್ನಿಶಾಮಕ ಸಿಬ್ಬಂದಿ ಸತ್ತದ್ದು, ಆ ನೆನಪಿಗೇ ಈ ಸಪ್ತಾಹ ನಡೆಯುವುದು, ಇದನ್ನೂ ಅವರೇ ಹೇಳಿದ್ದಾರೆ. ಇನ್ನು ನನಗೆ ಉಳಿದಿರುವುದು ಕಬ್ಬಿಣದ ಮಾತು.

ನಾನು ಮೂವತ್ತೊಂದು ವರ್ಷದಿಂದ ಈ ಊರಿನಲ್ಲಿ ಗ್ರಿಲ್, ಗೇಟು, ಶಟರ್ ಕೆಲಸ ಮಾಡುತ್ತಿದ್ದೇನೆ. ಇಲ್ಲಿ ಕುಳಿತಿರುವವರಲ್ಲಿ ಹತ್ತು ಜನರ ಕಿಟಕಿಗಾದರೂ ನಾನೇ ಗ್ರಿಲ್ ಕೂರಿಸಿದ್ದೇನೆ. ಮುಂದಿನ ಸಾಲಿನಲ್ಲಿರುವ ಒಬ್ಬರು ಇನ್ನೂ ಬಾಕಿ ಕೊಡಬೇಕು, ಹೆಸರು ಹೇಳುವುದಿಲ್ಲ. ಕಿಟಕಿಯಿಂದ ಇಳಿಯುವ ಸಾಧನಗಳ ಬಗ್ಗೆ ಮಾತನಾಡಿ ಎಂದು ಸಂಘದವರು ಕರೆದಾಗ ನನ್ನ ಹೆಂಡತಿ ನಕ್ಕಳು. ಜೀವಮಾನವೆಲ್ಲ ಕಿಟಕಿ ಮುಚ್ಚಿದವನು ಈಗ ಕಿಟಕಿಯಿಂದ ಹೊರಗೆ ಹೋಗುವುದು ಹೇಗೆ ಎಂದು ಹೇಳುತ್ತಾನಂತೆ ಎಂದಳು. ಅವಳು ನಕ್ಕದ್ದು ಸರಿಯಾಗಿಯೇ ಇದೆ. ಯಾಕೆ ಸರಿ ಎಂದು ಹೇಳುವುದಕ್ಕೇ ನಾನು ಬಂದದ್ದು.

ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ಒಂಬತ್ತೂವರೆಗೆ ಫೋನ್ ಬಂತು. ನಮ್ಮ ಮನೆಯಿಂದ ಎರಡು ಬೀದಿ ಆಚೆ, ನೆಲ ಮತ್ತು ಮೊದಲ ಮಹಡಿ ಇರುವ ಮನೆ. ಮೆಟ್ಟಿಲಿನ ಕೆಳಗೆ ಇಟ್ಟಿದ್ದ ಇನ್ವರ್ಟರ್ ಹೊತ್ತಿಕೊಂಡಿತ್ತು. ಪಕ್ಕದಲ್ಲೇ ಹಳೆಯ ಹಾಸಿಗೆ, ಪೇಪರ್ ಕಟ್ಟು. ಉರಿ ದೊಡ್ಡದೇನಲ್ಲ. ಆದರೆ ಹೊಗೆಗೆ ಮೆಟ್ಟಿಲೆಂದರೆ ಒಲೆಯ ಮೇಲಿನ ಚಿಮಣಿ ಇದ್ದಂತೆ, ನೇರ ಮೇಲಕ್ಕೆ ಹೋಗಿತ್ತು. ಮೇಲಿನ ಕೋಣೆಯಲ್ಲಿ ವಯಸ್ಸಾದ ಗಂಡ ಹೆಂಡತಿ. ನಾನು ಗ್ರೈಂಡರ್ ಹಿಡಿದು ಓಡಿದೆ. ಹೋಗಿ ನೋಡಿದರೆ ಯಾರೋ ಬುದ್ಧಿವಂತರು ಮೀಟರಿನ ಹತ್ತಿರ ಕರೆಂಟ್ ತೆಗೆದಿದ್ದಾರೆ. ತೆಗೆದದ್ದು ಸರಿಯೇ. ಆದರೆ ನನ್ನ ಕೈಯಲ್ಲಿದ್ದ ಗ್ರೈಂಡರ್ ಆ ಕ್ಷಣಕ್ಕೆ ಒಂದು ಭಾರವಾದ ಕಲ್ಲು. ಪಕ್ಕದ ಮನೆಯಿಂದ ವೈರ್ ಎಳೆಯೋಣವೆಂದರೆ ಉದ್ದ ಸಾಲದು. ಕೊನೆಗೆ ಹ್ಯಾಕ್ಸಾ ಬ್ಲೇಡ್ ಹಿಡಿದು, ಪೇಂಟಿಂಗ್‌ನವರ ಏಣಿಯ ಮೇಲೆ ನಿಂತು, 12 ಮಿಲಿಮೀಟರಿನ ಚೌಕ ಸರಳನ್ನು ಕೊಯ್ಯಲು ಶುರು ಮಾಡಿದೆ. ಒಬ್ಬ ಮನುಷ್ಯ ಹೊರಬರುವಷ್ಟು ಜಾಗಕ್ಕೆ ಮೂರು ಸರಳು ಹೋಗಬೇಕು. ಮೂರು ಸರಳಿಗೆ ಆರು ಕೊಯ್ತ. ಎರಡು ಬ್ಲೇಡ್ ಮುರಿದವು. ಇಪ್ಪತ್ತು ನಿಮಿಷ ದಾಟಿತ್ತು.

ಅದು ನಾನೇ ಕೂರಿಸಿದ ಗ್ರಿಲ್. ಕೂರಿಸುವಾಗ ಆ ಯಜಮಾನರು "ಗಟ್ಟಿಯಾಗಿ ಹಾಕಪ್ಪ, ಯಾರು ಬಂದರೂ ಅಲ್ಲಾಡಬಾರದು" ಎಂದಿದ್ದರು. ಗ್ರಿಲ್ಲನ್ನು ಗೋಡೆಗೆ ಹಿಡಿಸುವ ಹೋಲ್ಡ್‌ಫಾಸ್ಟ್‌ಗಳನ್ನು ನಾನು ಎರಡು ಹೆಚ್ಚಾಗಿಯೇ ಹಾಕಿದ್ದೆ. ಸರಳಿನ ಆಚೆ ಅವರ ಮುಖ, ಈಚೆ ನನ್ನದು, ನಡುವೆ ಒಂದು ಗೇಣು. ಅವರು ನನ್ನನ್ನು ಬೈಯಲಿಲ್ಲ. ಬ್ಲೇಡಿನ ಮೇಲೆ ಹಾಕಲು ತೆಂಗಿನೆಣ್ಣೆ ಕೊಡಲೇ ಎಂದು ಕೇಳಿದರು.

ಇಬ್ಬರೂ ಉಳಿದರು. ಉಳಿಸಿದ್ದು ನಾನಲ್ಲ, ಅವರ ಹೆಂಡತಿ. ಹೊಗೆ ಕಂಡ ಕೂಡಲೇ ಆಕೆ ಕೋಣೆಯ ಬಾಗಿಲು ಹಾಕಿ, ಬಚ್ಚಲಲ್ಲಿ ನೆನೆಸಿದ್ದ ಸೀರೆಯನ್ನು ಬಾಗಿಲ ಸಂದಿಗೆ ತುರುಕಿದ್ದರು. ಯಾವ ತರಬೇತಿಯೂ ಇಲ್ಲದ ಹೆಂಗಸು. ಮುಚ್ಚಿದ ಬಾಗಿಲು ಕೊಡುವ ಆ ಹದಿನೈದು, ಇಪ್ಪತ್ತು ನಿಮಿಷ ಇಲ್ಲದಿದ್ದರೆ ನಾನು ಈಗ ತೋರಿಸಲಿರುವ ಯಾವ ಸಾಮಾನೂ ಉಪಯೋಗಕ್ಕೆ ಬರುವುದಿಲ್ಲ.

ಅದಕ್ಕೇ ಮೊದಲು ಇದನ್ನು ಹೇಳಿಬಿಡುತ್ತೇನೆ. ಮೆಟ್ಟಿಲಿನಲ್ಲಿ ಹೊಗೆ ಇಲ್ಲದಿದ್ದರೆ ಮೆಟ್ಟಿಲಿನಲ್ಲೇ ಇಳಿಯಿರಿ. ಕಿಟಕಿ ಎರಡನೆಯ ದಾರಿ. ಆದರೆ ಎರಡನೆಯ ದಾರಿ ಇಲ್ಲದ ಕಟ್ಟಡದಲ್ಲಿ ಏನಾಗುತ್ತದೆ ಎಂಬುದನ್ನು ನಾವು ನೋಡಿದ್ದೇವೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ಹೊಗೆ ತಾಳಲಾರದೆ ಕಿಟಕಿಯ ಗಾಜು ಒಡೆದು ಹಾರಿದವರು ಅವರಲ್ಲಿದ್ದರು. 2019ರ ಮೇ 24ರಂದು ಸೂರತ್‌ನಲ್ಲಿ ಟ್ಯೂಷನ್‌ಗೆ ಬಂದಿದ್ದ 22 ಮಕ್ಕಳು ಹೋದರು. ಮೇಲಿನಿಂದ ಒಬ್ಬೊಬ್ಬರಾಗಿ ಜಾರಿ ಬೀಳುತ್ತಿದ್ದ ಆ ದೃಶ್ಯವನ್ನು ನೀವೆಲ್ಲ ಮೊಬೈಲಿನಲ್ಲಿ ನೋಡಿದ್ದೀರಿ. ನಾನು ಮತ್ತೆ ವರ್ಣಿಸುವುದಿಲ್ಲ.

ಹಾರುವುದು ಎಂದರೆ ಏನು ಎಂಬ ಲೆಕ್ಕವನ್ನು ಮಾತ್ರ ನನ್ನ ಮಗಳಿಂದ ಹಾಕಿಸಿಕೊಂಡು ಬಂದಿದ್ದೇನೆ. ಮೊದಲ ಮಹಡಿಯ ಕಿಟಕಿಯ ತಳ ನೆಲದಿಂದ ಸುಮಾರು 4 ಮೀಟರ್. ಅಲ್ಲಿಂದ ಹಾರಿದರೆ ನೆಲ ಮುಟ್ಟುವಾಗ ಗಂಟೆಗೆ 32 ಕಿಲೋಮೀಟರ್ ವೇಗ. ಹಾರುವ ಬದಲು ಕಿಟಕಿಯ ತಳ ಹಿಡಿದು ಪೂರ್ತಿ ನೇತಾಡಿ ಕೈಬಿಟ್ಟರೆ ಕಾಲಿಗೂ ನೆಲಕ್ಕೂ ಉಳಿಯುವುದು ಎರಡು ಮೀಟರಿನ ಒಳಗೆ, ವೇಗ 22ಕ್ಕೆ ಇಳಿಯುತ್ತದೆ. ಕಾಲು ಮುರಿಯಬಹುದು, ಆದರೂ ಬಹಳ ವ್ಯತ್ಯಾಸವಿದೆ. ಎರಡನೇ ಮಹಡಿ, 7 ಮೀಟರ್ ಎಂದಿಟ್ಟುಕೊಳ್ಳಿ, ಗಂಟೆಗೆ 42 ಕಿಲೋಮೀಟರ್. ಅಲ್ಲಿ ನೇತಾಡುವ ಉಪಾಯ ನಡೆಯುವುದಿಲ್ಲ. ಅಲ್ಲಿಂದ ಮೇಲಕ್ಕೆ ಸಾಧನವೇ ಬೇಕು.

ಈಗ ಸಾಧನ. ಈ ಪೆಟ್ಟಿಗೆಯಲ್ಲಿರುವುದು ಮಡಿಸಿಟ್ಟ ಏಣಿ. ಎರಡು ಕಬ್ಬಿಣದ ಕೊಕ್ಕೆ, ಅದಕ್ಕೆ ಎರಡು ನೈಲಾನ್ ಪಟ್ಟಿ, ಪಟ್ಟಿಗೆ ಅಡ್ಡ ಮೆಟ್ಟಿಲು. ಪಟ್ಟಿಯ ಬದಲು ಸರಪಳಿ ಇರುವುದೂ ಉಂಟು. ಕೊಕ್ಕೆಯನ್ನು ಕಿಟಕಿಯ ತಳಕ್ಕೆ ಸಿಕ್ಕಿಸಿ ಕೆಳಗೆ ಬಿಟ್ಟರೆ ಹಾಸಿಗೆ ಬಿಚ್ಚಿದಂತೆ ಬಿಚ್ಚಿಕೊಳ್ಳುತ್ತದೆ. ಮೊದಲ ಮಹಡಿಗೆ 13 ಅಡಿಯದು, ಅದರ ಮೇಲಿನದಕ್ಕೆ 25 ಅಡಿಯದು ಸಾಮಾನ್ಯವಾಗಿ ಸಿಗುತ್ತದೆ. ಡಬ್ಬಿಯ ಮೇಲಿನ ಚಿತ್ರದಲ್ಲಿ ಮರದ ಮನೆ, ನುಣುಪಾದ ಗೋಡೆ, ನಗುತ್ತಾ ಇಳಿಯುವ ಹೆಂಗಸು. ಆ ಚಿತ್ರ ನಮ್ಮೂರಿನದಲ್ಲ. ನಮ್ಮ ಕಟ್ಟಡದಲ್ಲಿ ಮೇಲಿನ ಕಿಟಕಿಯ ನೇರ ಕೆಳಗೆ ಇನ್ನೊಂದು ಕಿಟಕಿ ಇರುತ್ತದೆ, ಅದರ ತಲೆಯ ಮೇಲೆ ಎರಡು ಅಡಿ ಮುಂದೆ ಚಾಚಿದ ಸಜ್ಜಾ ಇರುತ್ತದೆ. ಮಲೆನಾಡಿನ ಮಳೆಗೆ ಸಜ್ಜಾ ಇಲ್ಲದೆ ಆಗುವುದಿಲ್ಲ. ಏಣಿ ಬಿಟ್ಟರೆ ಅರ್ಧ ಸಜ್ಜಾದ ಮೇಲೆ ಗುಡ್ಡೆಯಾಗಿ ಬಿದ್ದುಕೊಳ್ಳುತ್ತದೆ, ಅರ್ಧ ಅಂಚಿನಿಂದ ವಾಲಾಡುತ್ತದೆ. ನಾನು ನನ್ನ ಮನೆಯಲ್ಲೇ ಬಿಟ್ಟು ನೋಡಿದೆ. ಸಜ್ಜಾದ ತನಕ ಸಲೀಸು. ಅಲ್ಲಿಂದ ಕೆಳಕ್ಕೆ ಕಾಲು ಹಾಕಿದರೆ ಏಣಿ ಗೋಡೆಯ ಕಡೆಗೆ ಓಡುತ್ತದೆ, ಮೈ ಹೊರಗೆ ಬೀಳುತ್ತದೆ. ಕೆಳಗಿನಿಂದ ಒಬ್ಬರು ಎಳೆದು ಹಿಡಿದರೆ ಮಾತ್ರ ಆಗುತ್ತದೆ. ಅದಕ್ಕೇ ಮೊದಲು ಗಟ್ಟಿಗರೊಬ್ಬರು ಇಳಿಯಬೇಕು, ಮಕ್ಕಳನ್ನು ಇಳಿಸಲು ಮೇಲೊಬ್ಬರು ಇರಬೇಕು. ಅದಕ್ಕಿಂತ ಒಳ್ಳೆಯದು, ಕೆಳಗೆ ಸಜ್ಜಾ ಇಲ್ಲದ ಕಿಟಕಿಯನ್ನೇ ಆರಿಸಿಕೊಳ್ಳುವುದು. ಬಹಳ ಮನೆಗಳಲ್ಲಿ ಅಂಥದ್ದು ಒಂದೇ ಇರುತ್ತದೆ, ಅದಕ್ಕೆ ಅಲ್ಮೇರಾ ಅಡ್ಡ ನಿಲ್ಲಿಸಿರುತ್ತಾರೆ.

ಗೋಡೆಯ ದಪ್ಪವನ್ನೂ ನೋಡಬೇಕು. ಈಗಿನ ಸಿಮೆಂಟ್ ಬ್ಲಾಕಿನ ಗೋಡೆಗೆ ಈ ಕೊಕ್ಕೆ ಹಿಡಿಯುತ್ತದೆ. ಹಳೆಯ ಎಸ್ಟೇಟ್ ಬಂಗಲೆಗಳಲ್ಲಿ ಗೋಡೆ ಒಂದೂವರೆ, ಎರಡು ಅಡಿ. ಕೊಕ್ಕೆ ಬಾಯಿ ತೆರೆದುಕೊಂಡು ಗೋಡೆಯ ಮೇಲೆ ಕುಳಿತುಕೊಳ್ಳುತ್ತದೆ ಅಷ್ಟೇ. ಬಾಲ್ಕನಿಯ ನಾಲ್ಕು ಇಂಚಿನ ಇಟ್ಟಿಗೆ ಪ್ಯಾರಪೆಟ್‌ಗಂತೂ ಎಂದೂ ಸಿಕ್ಕಿಸಬೇಡಿ, ಇಟ್ಟಿಗೆಯೂ ನಿಮ್ಮ ಜೊತೆ ಇಳಿಯುತ್ತದೆ. ಮೆಣಸು ಕೊಯ್ಯುವವರನ್ನು ಕೇಳಿ. ಸಿಲ್ವರ್ ಓಕ್ ಮರಕ್ಕೆ ಏಣಿ ಚಾಚಿದ ಮೇಲೆ ಅದರ ತಲೆಯನ್ನು ಮರಕ್ಕೆ ಕಟ್ಟುವ ತನಕ ಅವರಿಗೆ ಅದರ ಮೇಲೆ ನಂಬಿಕೆ ಇರುವುದಿಲ್ಲ. ಅಲ್ಯೂಮಿನಿಯಂ ಏಣಿ ಕರೆಂಟಿನ ತಂತಿಗೆ ತಗುಲಿ ಏನಾಗುತ್ತದೆ ಎಂಬುದೂ ಅವರಿಗೇ ಚೆನ್ನಾಗಿ ಗೊತ್ತು. ನಿಮ್ಮ ಕಿಟಕಿಯ ಮುಂದೆ ತಂತಿ ಹಾದುಹೋಗಿದ್ದರೆ ಸರಪಳಿ ಏಣಿಯ ಯೋಚನೆಯನ್ನು ಅಲ್ಲಿಗೇ ಬಿಡಿ.

ಏಣಿಯಲ್ಲಿ ಕಷ್ಟವಾದದ್ದು ಇಳಿಯುವುದಲ್ಲ, ಮೊದಲ ಮೆಟ್ಟಿಲು. ಹೊರಗಿನ ಕಡೆಗೆ ಬೆನ್ನು ಮಾಡಿ, ಹೊಟ್ಟೆಯನ್ನು ಕಿಟಕಿಯ ತಳದ ಮೇಲೆ ಒರಗಿಸಿ, ಕಾಣದ ಕಡೆಗೆ ಕಾಲು ಇಳಿಬಿಟ್ಟು ಹುಡುಕಬೇಕು. ನನ್ನ ಮಗಳು ಹಗಲಿನಲ್ಲಿ ಒಂದು ನಿಮಿಷದೊಳಗೆ ಇಳಿದಳು. ನಾನು, ನನ್ನ ಹೊಟ್ಟೆಯನ್ನು ನೀವೇ ನೋಡುತ್ತಿದ್ದೀರಿ, ಮೂರು ನಿಮಿಷ. ಆ ಮೇಲೆ ಒಂದು ಲೋಟ ನೀರು.

ಇನ್ನೊಂದು ಸಾಧನ ಮನುಷ್ಯನನ್ನು ಹಗ್ಗದಲ್ಲಿ ನಿಧಾನವಾಗಿ ಇಳಿಸುವಂಥದ್ದು. ಅದರ ಬಗ್ಗೆ ನನಗೆ ಹೆಚ್ಚು ಪ್ರೀತಿ, ಯಾಕೆಂದರೆ ಅದು ಯಂತ್ರ. ಜಪಾನ್ ಮತ್ತು ದಕ್ಷಿಣ ಕೊರಿಯಾದಲ್ಲಿ ಇದನ್ನು ಕಟ್ಟಡಗಳಲ್ಲಿ ಕಾನೂನಿನ ಪ್ರಕಾರವೇ ಇಡುತ್ತಾರೆ. ಕೊರಿಯಾದಲ್ಲಿ ಮೂರರಿಂದ ಹತ್ತನೇ ಮಹಡಿಯವರೆಗೆ. ಅವರು ನೆಲವನ್ನೇ ಒಂದನೇ ಮಹಡಿ ಎನ್ನುವುದರಿಂದ ಅವರ ಮೂರು ನಮ್ಮ ಎರಡು. ತೆಂಗಿನ ಚಿಪ್ಪಿನಷ್ಟು ದೊಡ್ಡ ಉಕ್ಕಿನ ಗಡ್ಡೆ, ಅದರೊಳಗಿನಿಂದ ಹಾದುಹೋಗುವ ಹಗ್ಗ, ಹಗ್ಗದ ಎರಡು ತುದಿಗೂ ಎದೆಗೆ ಹಾಕಿಕೊಳ್ಳುವ ಪಟ್ಟಿ. ಗೋಡೆಗೆ ಬೋಲ್ಟ್ ಮಾಡಿದ ತೋಳಿಗೆ ಗಡ್ಡೆಯನ್ನು ತಗುಲಿಸಿ, ಹಗ್ಗದ ಸುರುಳಿಯನ್ನು ಕೆಳಗೆ ಎಸೆದು, ಪಟ್ಟಿಯನ್ನು ಕಂಕುಳ ಕೆಳಗೆ ಬಿಗಿದು ಹೊರಗೆ ಹೋದರೆ ಅದು ನಿಧಾನವಾಗಿ ಇಳಿಸುತ್ತದೆ. ಜಪಾನಿನ ನಿಯಮದಲ್ಲಿ ಸೆಕೆಂಡಿಗೆ 16 ಸೆಂಟಿಮೀಟರಿಗೆ ಕಡಿಮೆಯಿಲ್ಲ, 150ಕ್ಕೆ ಹೆಚ್ಚಿಲ್ಲ. ಒಬ್ಬರು ಇಳಿಯುವಷ್ಟರಲ್ಲಿ ಇನ್ನೊಂದು ತುದಿಯ ಪಟ್ಟಿ ಮೇಲಕ್ಕೆ ಬಂದಿರುತ್ತದೆ, ಬಾವಿಯ ರಾಟೆಯ ಎರಡು ಕೊಡಗಳ ಹಾಗೆ. ಕರೆಂಟ್ ಬೇಡ, ಕೈಬಲ ಬೇಡ.

ಒಳಗೆ ಏನಿದೆ? ಸ್ಪ್ರಿಂಕ್ಲರ್‌ಗೆ ಡೀಸೆಲ್ ಎಂಜಿನ್ ಇಟ್ಟ ತೋಟದವರಿಗೆ ಗವರ್ನರ್ ಗೊತ್ತು. ಎಂಜಿನ್ ಜೋರಾಗಿ ತಿರುಗಿದರೆ ಅದರ ಗುಂಡುಗಳು ಹೊರಕ್ಕೆ ಎಸೆಯಲ್ಪಟ್ಟು ಡೀಸೆಲ್ ಕಡಿಮೆ ಮಾಡುತ್ತವೆ. ಇಲ್ಲಿಯೂ ಅದೇ ತತ್ತ್ವ. ಹಗ್ಗ ಓಡಿದರೆ ಚಕ್ರ ತಿರುಗುತ್ತದೆ, ಹಲ್ಲಿನ ಚಕ್ರಗಳು ಆ ತಿರುಗುವಿಕೆಯನ್ನು ಹೆಚ್ಚಿಸುತ್ತವೆ, ಬ್ರೇಕ್ ಶೂಗಳು ಹೊರಕ್ಕೆ ಚಿಮ್ಮಿ ಡ್ರಮ್ಮಿಗೆ ಉಜ್ಜುತ್ತವೆ. ವೇಗ ಎರಡು ಪಟ್ಟಾದರೆ ಉಜ್ಜುವ ಬಲ ನಾಲ್ಕು ಪಟ್ಟು. ಇದನ್ನೇ ತಿರುಗಿಸಿ ನೋಡಿ: 25 ಕಿಲೋ ಮಗುವಿಗಿಂತ ನಾಲ್ಕು ಪಟ್ಟು ತೂಗುವ 100 ಕಿಲೋ ಗಂಡಸು ಇಳಿಯುವುದು ಸುಮಾರು ಎರಡು ಪಟ್ಟು ವೇಗದಲ್ಲಿ ಮಾತ್ರ. ಇದನ್ನು ಯೋಚಿಸಿದವನಿಗೆ ನಾನು ಕೈಮುಗಿಯುತ್ತೇನೆ. ಕೊಪ್ಪ, ಶೃಂಗೇರಿ ಕಡೆಯವರು ಇಲ್ಲಿದ್ದರೆ ಅವರು ಇದರ ಹಳ್ಳಿಯ ರೂಪ ನೋಡಿದ್ದಾರೆ. ಕೊನೆಗಾರ ಮರದ ಮೇಲಿನಿಂದ ಅಡಿಕೆ ಕೊನೆಯನ್ನು ಹಗ್ಗದಲ್ಲಿ ಜಾರಿಸುತ್ತಾನೆ, ಕೆಳಗೆ ಹಗ್ಗ ಹಿಡಿದವನು ಓರೆ ಮಾಡಿ, ಬಿಗಿ ಮಾಡಿ, ಒಂದು ಕಾಯಿ ಉದುರದಂತೆ ಇಳಿಸಿಕೊಳ್ಳುತ್ತಾನೆ. ಅವನ ಕೈ ಮಾಡುವ ಕೆಲಸವನ್ನೇ ಆ ಶೂಗಳು ಮಾಡುತ್ತವೆ. ಬರಿ ಹಗ್ಗ ಕಟ್ಟಿ ಜಾರಿದರೆ ಏನಾಗುತ್ತದೆ ಎಂದು ಆ ಕೊನೆಗಾರನ ಅಂಗೈಯನ್ನೇ ಕೇಳಬೇಕು. ಹತ್ತು ಅಡಿ ಜಾರುವಷ್ಟರಲ್ಲಿ ಚರ್ಮ ಸುಟ್ಟು ಕೈ ತಾನಾಗಿ ಬಿಡುತ್ತದೆ.

ಕೊರಿಯಾದಲ್ಲಿ ಒಂದೇ ಸಲಕ್ಕೆ ಬರುವ ಅಗ್ಗದ ಜಾತಿಯೂ ಇದೆ. ಅದರಲ್ಲಿ ಒಬ್ಬರು ಇಳಿದರೆ ಮುಗಿಯಿತು. ವಸತಿಗೃಹದ ಕೋಣೆಯಲ್ಲಿ ಅದನ್ನು ಇಡುವುದಾದರೆ ಎರಡು ಇಡಬೇಕು. ಇಲ್ಲಿ ಮಾರಲು ಬಂದವರು ಇದನ್ನು ಹೇಳದೆ ಒಂದೇ ಕೊಟ್ಟು ಹೋಗುವ ಸಂಭವವಿದೆ, ಹುಷಾರು. ಎರಡು ಸಂಗತಿ ಮರೆಯಬೇಡಿ. ಇಳಿಯುವಾಗ ಕೈ ಮೇಲಕ್ಕೆತ್ತಬಾರದು, ಎತ್ತಿದರೆ ಪಟ್ಟಿ ಕಂಕುಳಿನಿಂದ ಕಳಚಿ ಹೋಗುತ್ತದೆ. ಕೈ ಗೋಡೆಯ ಮೇಲಿರಲಿ. ಬೋಲ್ಟನ್ನು ಕಾಂಕ್ರೀಟಿನ ಬೀಮಿಗೋ ಕಂಬಕ್ಕೋ ಹೊಡೆಯಬೇಕು. ಟೊಳ್ಳು ಬ್ಲಾಕಿಗೆ ಹೊಡೆದ ಬೋಲ್ಟ್ ಗೋಡೆಗಡಿಯಾರಕ್ಕೆ ಸರಿ, ಮನುಷ್ಯನಿಗಲ್ಲ.

ಆದರೆ ಕಾನೂನು ಮಾಡಿದ ಕೊರಿಯಾದಲ್ಲೂ ಎಲ್ಲ ಸರಿಯಾಗಿಲ್ಲ. 2024ರ ಆಗಸ್ಟ್ 22ರಂದು ಬುಚಾನ್ ಎಂಬ ನಗರದ ಹೋಟೆಲಿನಲ್ಲಿ ಒಂದು ಕೋಣೆಯ ಎ.ಸಿ.ಯಿಂದ ಬೆಂಕಿ ಎದ್ದಿತು. ಆ ಕೋಣೆಗೆ ಬಂದಿದ್ದವರು ಸುಟ್ಟ ವಾಸನೆ ಬರುತ್ತಿದೆ ಎಂದು ಬೇರೆ ಕೋಣೆ ಕೇಳಲು ಹೋಗುವಾಗ ಬಾಗಿಲು ತೆರೆದೇ ಬಿಟ್ಟು ಹೋದರು. ಎರಡು ನಿಮಿಷವಾಗುವ ಮೊದಲೇ ಮೊಗಸಾಲೆಯೆಲ್ಲ ಹೊಗೆ. ಏಳು ಜನ ಸತ್ತರು. ಅವರಲ್ಲಿ ಇಬ್ಬರು ಕೆಳಗೆ ಹಾಸಿದ್ದ ಗಾಳಿಹಾಸಿಗೆಯ ಮೇಲೆ ಹಾರಿದವರು. ಮೊದಲನೆಯವರು ಬಿದ್ದ ಹೊಡೆತಕ್ಕೆ ಹಾಸಿಗೆ ಮಗುಚಿಕೊಂಡಿತು, ಹಿಂದೆಯೇ ಹಾರಿದವರಿಗೆ ಸಿಕ್ಕಿದ್ದು ನೆಲ. ಎರಡು ಬೀದಿ ಆಚೆಯ ಆ ಅಜ್ಜಿ ಒದ್ದೆ ಸೀರೆ ತುರುಕಿ ಮುಚ್ಚಿದ ಬಾಗಿಲು ನೆನಪಾಗಿ ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಹಾರಿದವರನ್ನು ಕೆಳಗೆ ಹಿಡಿಯುವ ಉಪಾಯ ಹಳೆಯದು, ಸೋತದ್ದೂ ಹಳೆಯದೇ. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಉಡುಪು ಕಾರ್ಖಾನೆಯಲ್ಲಿ 146 ಜನ ಸತ್ತಾಗ ಹಿಡಿಯಲು ಹಾಸಿದ ಬಲೆಗಳು ಹರಿದವು. ಬೆಂಕಿ ಎಂಟನೇ ಮಹಡಿಯಿಂದ ಮೇಲೆ, ಏಣಿ ಮುಟ್ಟಿದ್ದು ಆರಕ್ಕೆ. ಅದಕ್ಕೂ ಮೊದಲು, 1879ರಲ್ಲಿ, ಅಮೆರಿಕದ ಆಪನ್‌ಹೈಮರ್ ಎಂಬವರು ತಲೆಗೆ ಕಟ್ಟಿಕೊಳ್ಳುವ ಪ್ಯಾರಾಚೂಟ್ ಟೋಪಿಗೂ ದಪ್ಪ ಅಟ್ಟೆಯ ಬೂಟಿಗೂ ಪೇಟೆಂಟ್ ಪಡೆದಿದ್ದರು. ಕುತ್ತಿಗೆಯ ಗತಿ ಏನಾಗುತ್ತದೆ ಎಂದು ಅವರು ಯೋಚಿಸಿದಂತೆ ಕಾಣುವುದಿಲ್ಲ. ನಗಬೇಡಿ, ಇಂದಿಗೂ ಇಂಥ ಬೆನ್ನುಚೀಲದ ವಿಡಿಯೋಗಳನ್ನು ನನಗೆ ಜನ ಕಳಿಸುತ್ತಾರೆ. ಬಟ್ಟೆಯ ಜಾರುಕೊಳವೆಯೂ ಇದೆ. ಆಸ್ಪತ್ರೆ, ದೊಡ್ಡ ಕಚೇರಿಗೆ ಸರಿ, ನಮ್ಮ ಆರು ಕೋಣೆಯ ಪಿ.ಜಿ.ಗಳ ಮಾತಲ್ಲ.

ಈಗ ನನ್ನ ಕಸುಬಿಗೆ ಬರುತ್ತೇನೆ. ಈ ವೇದಿಕೆಯ ಮೇಲೆ ನಿಲ್ಲಿಸಿರುವುದು ನಾಲ್ಕು ಅಡಿ ಚೌಕದ ಮಾಮೂಲು ಗ್ರಿಲ್. ಇದರ ಒಂದು ಭಾಗಕ್ಕೆ ಕೀಲು ಕೊಟ್ಟು ಬಾಗಿಲಿನಂತೆ ಮಾಡಿದ್ದೇನೆ, ಬೀಗ ಹಾಕಿದ್ದೇನೆ. ಬೀಗದ ಕೈ ಪಕ್ಕದ ಮೊಳೆಯಲ್ಲೇ ಇದೆ. ದಯವಿಟ್ಟು ಯಾರಾದರೂ ಒಬ್ಬರು ಬನ್ನಿ. ದೀಪ ಆರಿಸಿ.

(ಒಬ್ಬ ಯುವತಿ ಬಂದರು, ಪಿ.ಜಿ. ನಡೆಸುವವರು. ಕತ್ತಲಲ್ಲಿ ಮೊಳೆ ಸಿಕ್ಕಿತು, ಬೀಗದ ಕೈ ಜಾರಿ ಕೆಳಗೆ ಬಿತ್ತು. ನೆಲ ತಡವಿ ಹುಡುಕಿ, ಬೀಗದ ಬಾಯಿ ಹುಡುಕಿ, ತಲೆಕೆಳಗಾಗಿ ತುರುಕಿ, ತೆರೆಯುವಾಗ ಎರಡು ನಿಮಿಷ ಹತ್ತು ಸೆಕೆಂಡ್. ಹೊಗೆ ಇರಲಿಲ್ಲ, ಯಾರೂ ಅಳುತ್ತಿರಲಿಲ್ಲ. ಸಭೆ ಸುಮ್ಮನಾಯಿತು.)

ಇವರದ್ದೇನೂ ತಪ್ಪಿಲ್ಲ. ತಪ್ಪು ಬೀಗದ್ದು. ಅಮೆರಿಕದ ಮನೆ ಕಟ್ಟುವ ನಿಯಮಗಳಲ್ಲಿ ಮಲಗುವ ಕೋಣೆಯ ಕಿಟಕಿಗೆ ಸರಳು ಹಾಕಬಹುದು. ಆದರೆ ಒಳಗಿನಿಂದ ಬೀಗದ ಕೈಯಾಗಲಿ ಉಪಕರಣವಾಗಲಿ ಇಲ್ಲದೆ ತೆರೆಯುವಂತಿರಬೇಕು. ಕನಿಷ್ಠ ಅಗಲ 20 ಇಂಚು, ಕನಿಷ್ಠ ಎತ್ತರ 24 ಇಂಚು, ತಳ ಒಳಗಿನ ನೆಲದಿಂದ 44 ಇಂಚಿನೊಳಗೆ. ಇಲ್ಲಿ ಒಂದು ಗುಟ್ಟಿದೆ. 20 ಮತ್ತು 24 ಎಂದು ಎರಡನ್ನೂ ಕನಿಷ್ಠಕ್ಕೆ ಇಟ್ಟರೆ ಸಾಲದು, ಏಕೆಂದರೆ ಒಟ್ಟು ತೆರೆದ ಜಾಗ 5.7 ಚದರ ಅಡಿ ಇರಬೇಕು ಎಂದೂ ಇದೆ. 20 ಇಂಚು ಅಗಲ ಮಾಡಿದರೆ ಎತ್ತರ 41 ಇಂಚು ಬೇಕು. ಆ ನಿಯಮ ಬರೆದವರ ಮನಸ್ಸಿನಲ್ಲಿದ್ದದ್ದು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಒಳಗೆ ಬರಬೇಕಾದ ಅಗ್ನಿಶಾಮಕನೂ ಹೌದು. ನಮ್ಮ ಜಾರುವ ಅಲ್ಯೂಮಿನಿಯಂ ಕಿಟಕಿಗಳಲ್ಲಿ ಅರ್ಧ ಮಾತ್ರ ತೆರೆಯುವುದು. ಹೊರಗಿನ ಗ್ರಿಲ್ ಎಷ್ಟು ದೊಡ್ಡದಾಗಿ ತೆರೆದರೂ ಒಳಗಿನ ಗಾಜು ಬಿಡಬೇಕಲ್ಲ, ಅದನ್ನೂ ಅಳೆಯಿರಿ.

ಹೋಂಸ್ಟೇಯವರಿಗೆ ಒಂದು ಮಾತು. ನಿಮ್ಮ ಮನೆಯಲ್ಲಿ ರಾತ್ರಿ ಮಲಗುವವನು ಹಿಂದಿನ ಸಂಜೆ ಮುಳ್ಳಯ್ಯನಗಿರಿ ನೋಡಿಕೊಂಡು ಕತ್ತಲಾದ ಮೇಲೆ ಬಂದವನು. ಯಾವ ಕಿಟಕಿಯ ಕೆಳಗೆ ಹಂಡೆ ಒಲೆ ಇದೆ, ಯಾವುದರ ಕೆಳಗೆ ಹೆಂಚಿನ ಮಾಡು ಇದೆ, ಅವನಿಗೇನು ಗೊತ್ತು? ಹೆಂಚಿನ ಮೇಲೆ ಕಾಲಿಟ್ಟರೆ ಹೆಂಚಿನ ಜೊತೆ ಒಳಗೇ ಬೀಳುತ್ತಾನೆ. ವೈಫೈ ಪಾಸ್‌ವರ್ಡ್ ಅಂಟಿಸುವ ಜಾಗದಲ್ಲೇ ತೆರೆಯುವ ಕಿಟಕಿ ಯಾವುದು ಎಂದು ಒಂದು ಚೀಟಿ ಅಂಟಿಸಿ. ಅದನ್ನಂತೂ ಅವನು ಓದಿಯೇ ಓದುತ್ತಾನೆ.

ಹಣ ಇರುವುದು ಸ್ವಲ್ಪವೇ ಎಂದರೆ ಮೊದಲು ಗ್ರಿಲ್‌ಗೆ ಹಾಕಿ. ಎರಡು ಕೀಲು, ಒಂದು ಚಿಲಕ, ಅರ್ಧ ದಿನದ ಕೂಲಿ. ಆಮೇಲೆ ಏಣಿ. ತಿರುಗುಮುರುಗಾಗಿ ಮಾಡಿದರೆ, ಅಂದರೆ ಒಳ್ಳೆಯ ಏಣಿ ಕೊಂಡು ಬೆಸುಗೆ ಹಾಕಿದ ಗ್ರಿಲ್‌ನ ಕೆಳಗೆ ಇಟ್ಟರೆ, ಅದು ಜೈಲಿನಲ್ಲಿ ಬಸ್ ಪಾಸ್ ಇಟ್ಟುಕೊಂಡ ಹಾಗೆ. ಈ ತಿಂಗಳು ನಾನು ನೋಡಿದ ಮೂರು ಕಟ್ಟಡಗಳಲ್ಲಿ ಎರಡರಲ್ಲಿ ಹೀಗೆಯೇ ಇತ್ತು.

ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಬರೆಯುತ್ತೇನೆ, ಉಳಿದವು ದರದ ಬಗ್ಗೆ ಇದ್ದವು. ಹಿಂದಿನ ಸಾಲಿನ ಹಿರಿಯರೊಬ್ಬರು ಎದ್ದು ಕೇಳಿದರು: "ಬೀಗವಿಲ್ಲದೆ ಬರಿ ಚಿಲಕ ಇಟ್ಟರೆ ಕಳ್ಳ ಹೊರಗಿನಿಂದ ಕೈ ಹಾಕಿ ತೆರೆಯುವುದಿಲ್ಲವೇ?"

ತೆರೆಯುತ್ತಾನೆ, ಚಿಲಕವನ್ನು ಬಯಲಲ್ಲಿ ಇಟ್ಟರೆ. ಅದಕ್ಕೆ ನಾನು ಮಾಡುವುದು ಹೀಗೆ. ಚಿಲಕದ ಸುತ್ತ ಹೊರಗಿನ ಕಡೆಗೆ ತಗಡಿನ ಡಬ್ಬಿ ಬೆಸೆಯುತ್ತೇನೆ, ಡಬ್ಬಿಗೆ ಒಳಗಿನ ಕಡೆ ಮಾತ್ರ ಬಾಯಿ. ಅಕ್ಕಪಕ್ಕದ ಸರಳಿನ ಸಂದಿಗೂ ತಗಡು ಪಟ್ಟಿ. ಹೊರಗಿನಿಂದ ಕೈ ಹಾಕಿದರೆ ಮೊಣಕೈ ತಗಡಿಗೆ ತಡೆಯುತ್ತದೆ, ಬೆರಳು ಚಿಲಕ ಮುಟ್ಟುವುದಿಲ್ಲ. ಒಳಗಿನಿಂದ ಏಳು ವರ್ಷದ ಮಗು ಒಂದೇ ಕೈಯಲ್ಲಿ ಎತ್ತಬಹುದು. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮೊದಲು ಎಣ್ಣೆ ಬಿಡಬೇಕು, ಇಲ್ಲದಿದ್ದರೆ ನಮ್ಮ ಆಷಾಢದ ತೇವಕ್ಕೆ ಕೀಲು ಕಲ್ಲಾಗುತ್ತದೆ. ಕೂರಿಸಿದ ದಿನ ಮಾಲೀಕರ ಮುಂದೆ ನಾನೇ ಹೊರಗೆ ನಿಂತು ಕೈ ಹಾಕಿ ತೋರಿಸುತ್ತೇನೆ, ಕಳ್ಳನ ಪಾತ್ರದಲ್ಲಿ.

"ನಿಮ್ಮ ಮನೆಗೆ ಹಾಕಿಸಿದ್ದೀರಾ?" ಎಂದು ಅವರೇ ಮತ್ತೆ ಕೇಳಿದರು. ಮೂರಕ್ಕೆ ಆಗಿದೆ, ಎರಡು ಬಾಕಿ ಇದೆ ಎಂದೆ. ಹೆಂಡತಿ ಸಭೆಯಲ್ಲೇ ಇದ್ದುದರಿಂದ ಸುಳ್ಳು ಹೇಳುವ ಹಾಗಿರಲಿಲ್ಲ.